ಸ್ವಿಚ್ಚು ಆರಿಸಿದ ಮೇಲೆ

ಬರ್ತಾಂಗ್ ಕಣಿವೆಯ ಹೊಳೆದಂಡೆ, ತಗಡಿನ ಪೆಟ್ಟಿಗೆ.
ಒಳಗೆ, ಕರೆಂಟು ತೆಗೆದ ಮೇಲೂ,
ಸಾಸಿವೆ ಕಾಳಿನಷ್ಟು ಕೆಂಪು ದೀಪ
ಇನ್ನೂ ಉಳಿದಿದೆ.

ಬ್ಯಾಟರಿಯ ಎರಡೂ ತಂತಿ ಕಿತ್ತು
ಕೈಯಲ್ಲೇ ಹಿಡಿದಿದ್ದಾಳೆ ಜರ್ಬೇಗಿಂ.
"ಹಾಗಾದರೆ ಇದಕ್ಕೆ ಅನ್ನ ಹಾಕುತ್ತಿರುವವರು ಯಾರು?"
ಕೇಳಿದ ಗುಲ್ಮಮದ್.
ಪೆಟ್ಟಿಗೆ ಬರುವ ಮುಂಚೆ ಹೊಳೆ ಕಾಯುವ ಕೆಲಸ ಅವನದು,
ಮೂವತ್ತೊಂದು ಬೇಸಿಗೆ.
ಮೇಲೆ ಹಿಮದ ಕೆರೆ ಒಡೆದರೆ
ಕೆಳಗೆ ಡಬ್ಬ ಬಡಿಯಬೇಕು, ಅಷ್ಟೇ.

ಚಳಿಗಾಲಕ್ಕೆಂದು ಆರಿಸಿಟ್ಟದ್ದನ್ನು
ನಿನ್ನೆ ಹೊತ್ತಿಸಿದರೆ ಸೈರನ್ ಕೂಗಲಿಲ್ಲ.
ಗುಡ್ಡ ಹತ್ತಲು ಸಾಲಾಗಿ ನಿಂತ ಶಾಲೆಮಕ್ಕಳು
ಕಾದು ಕಾದು
ಕುರಿಮೂಳೆಯ ದಾಳ ಆಡಲು ಕೂತರು.

ರಾತ್ರಿಯಿಡೀ ಹುಡುಕಿದಳು.
ಅಜ್ಜನ ಕಾಲದ ಸೋವಿಯತ್ ಮೀಟರು;
ಮುಳ್ಳು ನಡುಗುತ್ತದೆ, ಸುಳ್ಳು ಹೇಳುವುದಿಲ್ಲ.
ಸೊನ್ನೆ ಇರಬೇಕಾದಲ್ಲಿ
ಒಂದೂ ಮುಕ್ಕಾಲು ವೋಲ್ಟು.

ಕಳ್ಳ ಮುಂಬಾಗಿಲಿಂದ ಬಂದಿರಲಿಲ್ಲ.
ಬಂಡೆಯ ಮೇಲೆ ನೀರಿನ ಮಟ್ಟ ಅಳೆಯುವ ಸೆನ್ಸರಿಗೆ
ಅದರದೇ ಸೋಲಾರು, ಅದರದೇ ಐದು ವೋಲ್ಟು.
ಅದಕ್ಕೇನು ಗೊತ್ತು, ಕೇಳುವವನು ಮಲಗಿದ್ದಾನೆಂದು?
ಒಪ್ಪಿಸುತ್ತಲೇ ಇದೆ: ನೀರು ಇಷ್ಟು, ನೀರು ಇಷ್ಟು, ಈಗ ಇಷ್ಟು.
ಆ ಮಾತೇ ತಂತಿಗುಂಟ ಇಳಿದು
ಚಿಪ್ಪಿನ ಕಾಲು ಹಿಡಿದು
ಕಿಡಿ ತಾಗದಿರಲೆಂದು ಇಟ್ಟ ಪುಟ್ಟ ಡಯೋಡಿನ ಕಿಂಡಿಯಲ್ಲಿ ನುಸುಳಿ
ಒಳಗೆ ಅನ್ನವಾಗಿದೆ.

ಗುಟುಕು ಅನ್ನ. ಬದುಕಲು ಸಾಲದು.
ಪೂರ್ತಿ ಸತ್ತಿದ್ದರೆ, ಸ್ವಿಚ್ಚು ಒತ್ತಿದಾಗ
ಮೊದಲ ಸಾಲಿನಿಂದ ಹುಟ್ಟುತ್ತಿತ್ತು.
ಸತ್ತೇ ಇಲ್ಲದ್ದು ಹುಟ್ಟುವುದೆಲ್ಲಿಂದ?
ಎಲ್ಲೋ ನಡುಸಾಲಿನಲ್ಲಿ ನಿಂತುಬಿಟ್ಟಿದೆ,
ಅಂಗಡಿಗೆ ಬಂದು ಏನು ಕೊಳ್ಳಬೇಕಿತ್ತೆಂದು ಮರೆತವರ ಹಾಗೆ.

ಉಪ್ಪು ಚಹಾದಲ್ಲಿ ರೊಟ್ಟಿ ಮುರಿದು ಹಾಕುತ್ತ ಗುಲ್ಮಮದ್ ಹೇಳಿದ:
"ನನ್ನನ್ನೂ ಆರಿಸಿ ನಾಲ್ಕು ವರ್ಷವಾಯಿತು ಮಗಳೇ.
ಆಫೀಸಿನವರು ಗಡಿಯಾರ ಕೊಟ್ಟರು, ಕೈ ಕುಲುಕಿದರು.
ಈಗಲೂ ರಾತ್ರಿ ನಿದ್ದೆ ಬಂತಾ ಎಂದು ಹೆಂಡತಿ ಕೇಳಿದರೆ
ನಾನು ನೀರಿನ ಮಟ್ಟ ಹೇಳುತ್ತೇನೆ."

ಅವಳು ಉತ್ತರಿಸಲಿಲ್ಲ, ಬೆಸುಗೆ ಕರಗುತ್ತಿತ್ತು.
ಮೊದಲು ದೊಡ್ಡ ರೆಸಿಸ್ಟರ್ ಇಟ್ಟಳು:
ಹರಿವು ಸಣ್ಣಗಾಯಿತು, ನಿಲ್ಲಲಿಲ್ಲ.
ಆಮೇಲೆ ಕೆಟ್ಟ ಚಾರ್ಜರೊಂದರ ಹೊಟ್ಟೆ ಬಗೆದು
ನಾಲ್ಕು ಕಾಲಿನ ಕಪ್ಪು ಹುಳದಂಥದ್ದನ್ನು ತೆಗೆದಳು.
ಅದರೊಳಗೊಂದು ದೀಪ, ಎದುರಿಗೊಂದು ಕಣ್ಣು,
ನಡುವೆ ತಂತಿಯ ನಂಟಿಲ್ಲ.
ಹೊಳೆ ಇನ್ನು ದೀಪಕ್ಕೆ ಹೇಳಿಕೊಳ್ಳಲಿ.
ಚಿಪ್ಪು ಎಚ್ಚರವಿದ್ದರೆ ಕಣ್ಣು ನೋಡುತ್ತದೆ.
ಸುದ್ದಿ ದಾಟುತ್ತದೆ, ಅನ್ನ ದಾಟುವುದಿಲ್ಲ.

ಬೆಳಗಿನ ಜಾವ ತಂತಿ ಕಿತ್ತಳು.
ಸಾಸಿವೆ ಆರಿತು. ಮುಳ್ಳು ಸೊನ್ನೆಗೆ ಒರಗಿತು.
ಹತ್ತು ಎಣಿಸಿ ಮತ್ತೆ ಜೋಡಿಸಿದಳು.
ಎದ್ದ ಕೂಡಲೇ ಒಂದು ಸಲ ಕೂಗಿ ನೋಡುವುದು ಅದರ ರೂಢಿ,
ಅದು ಅವಳಿಗೆ ಮರೆತಿತ್ತು.
ಹಾಸಿಗೆಯಿಂದ ಹಾರಿದ ಊರು
ಒಂದೊಂದೇ ಬೂಟು ಹಾಕಿಕೊಂಡು ಗುಡ್ಡ ಹತ್ತಿತು,
ಇಳಿಯುವಾಗ ಅವಳನ್ನು ಮನಸಾರೆ ಬೈದಿತು.

"ಇಂಥದ್ದು ಕಿವಿಗೂ ಸಿಗುತ್ತದೆಯೇ?" ಎಂದ ಗುಲ್ಮಮದ್.
ನಕ್ಕರು, ಇಬ್ಬರೂ.

ಮರುದಿನ ರಾತ್ರಿ ಮೂರು ಗಂಟೆಗೆ
ಅವಳು ನೀರು ಕುಡಿಯಲೆದ್ದಾಗ
ದಂಡೆಯಲ್ಲಿ, ಪೆಟ್ಟಿಗೆಯಿಂದ ಮಾರು ದೂರ,
ಕೆಂಪು ಚುಕ್ಕೆ.
ಮೊದಲು ಎದೆ ಧಸಕ್ಕೆಂದಿತು.
ಆಮೇಲೆ ಅದು ಮೇಲೇರಿ, ಒಂದು ಗಡ್ಡವನ್ನು ಬೆಳಗಿ,
ಮೆಲ್ಲಗೆ ಕೆಳಗಿಳಿಯಿತು.