ಜಿನ್ನಿನಾಗ ಊಟ

ಬೆಟಗೇರಿ ದಾರಿಯ ಹಳೇ ಜಿನ್ನಿಗೆ
ಪೇಂಟು ಬ್ಯಾಡ ಅಂದ ದಾವಲಸಾಬ.
ಸುಣ್ಣ ಅರೆದು ಬೆಲ್ಲದ ನೀರು ಹಾಕಿದ,
ಕಪ್ಪತಗುಡ್ಡದ ಕೆಮ್ಮಣ್ಣು ಕಲಸಿ
ಗ್ವಾಡಿಯ ಬಿರುಕಿಗೆಲ್ಲ
ಹೆಬ್ಬೆರಳಿಂದ ಮೆತ್ತಿದ.

ಅಂಡಿಗಿ ತೂಗೋ ಕೊಂಡಿ ಹಂಗ ಐತಿ,
ಅದಕ್ಕೀಗ ದೀಪ.
ಬಾಗಿಲದ ಹಲಗಿ ಮೇಜಾದವು.
ಒಂದರ ಮ್ಯಾಲ ಯಾರೋ ಕೊರೆದ ಕೂಲಿ ಲೆಕ್ಕ
ಎಷ್ಟು ಉಜ್ಜಿದರೂ ಹೋಗಲಿಲ್ಲ;
ಅಲ್ಲೇ ತಾಟು ಇಡತೀವಿ.

ಮೊದಲ ದಿನ, ಹುಬ್ಬಳ್ಳಿಯಿಂದ ಬಂದವರು
ಝುಣಕದ ಬಟ್ಟಲು ದೂಡಿ ಸಿಟ್ಟಾದರು:
'ಏನ್ರೀ ಇದು, ಕೂದಲಾ?'

ರೊಟ್ಟಿ ಬಡಿಯೋದು ಬಿಟ್ಟು ಬಂದಳು ಗಂಗಿಮಾಳವ್ವ,
ಹದಿನೇಳು ವರ್ಷ ಇಲ್ಲೇ ಅರಳಿ ಆರಿಸಿದಾಕಿ.
ಎರಡು ಬೆರಳಿಂದ ಎತ್ತಿ
ಬೆಳಕಿಗೆ ಹಿಡಿದಳು.

'ಜಯಧರ. ಎಳಿ ಸಣ್ಣದು.'

ಒಮ್ಮೆ ಜಂತಿ ನೋಡಿ,
ಬ್ಯಾರೆ ಬಟ್ಟಲು ತರಾಕ ಹೋದಳು.