ಆದಾಯದ ಮೂಲ

ರುವಿಯ ಮೂರನೇ ಮಹಡಿಯಲ್ಲಿ ಹಗಲೆಲ್ಲ
ನಾನು ಹಲ್ಲು ಮಾಡುತ್ತೇನೆ.
ಮೇಣ, ಪ್ಲಾಸ್ಟರು, ಗುಲಾಬಿ ವಸಡು.
ಎಂದೂ ಕಾಣದ ಬಾಯಿಗಳಿಗೆ ನಗು ಕೂರಿಸಿ
ಸಂಜೆ ಆರಕ್ಕೆ ಏಪ್ರನ್ ಕಳಚುತ್ತೇನೆ.

ರಾತ್ರಿ ನನ್ನದೇ ಬಾಯಿಯ ಕೆಲಸ.
ಏಸಿ ಆರಿಸಿ, ಫ್ರಿಜ್ಜಿನ ಪ್ಲಗ್ಗು ಕಿತ್ತು
ಕಪಾಟಿನೊಳಗೆ ಚೂಡಿದಾರಗಳ ನಡುವೆ ಕೂತು
ತಲೆ ಮೇಲೆ ಕಂಬಳಿ ಎಳೆದು, ಜೂನ್ ತಿಂಗಳಲ್ಲಿ,
ಮೊಬೈಲಿಗೆ ಓದುತ್ತೇನೆ:
‘ತೂಗುವ ಭಾರದ ಕೆಳಗೆ ನಿಲ್ಲಬೇಡಿ.
ಹೆಲ್ಮೆಟ್ಟಿನ ಪಟ್ಟಿ ಬಿಗಿಯಿರಿ.
ನೀರು ಕುಡಿಯಿರಿ, ಬಾಯಾರದಿದ್ದರೂ.’
ದುಕ್ಮ್ ಬಂದರಿನ ಕ್ರೇನುಗಳತ್ತ ಹೋಗುವ ಬಸ್ಸಿನಲ್ಲಿ
ಯಾದಗಿರಿಯ ಹುಡುಗರು ಇದನ್ನು ಕೇಳುತ್ತಾರಂತೆ,
ಬೆಳಗಿನ ನಾಲ್ಕೂವರೆಗೆ, ಅರೆನಿದ್ದೆಯಲ್ಲಿ.

ಮೊದಲ ಸಂಭಾವನೆ
ಹದಿನೆಂಟು ರಿಯಾಲು, ಏಳುನೂರೈವತ್ತು ಬೈಸಾ.
ಇಲ್ಲಿಯ ದುಡ್ಡಿಗೆ ಬಿಂದುವಿನಾಚೆ ಮೂರು ಅಂಕಿ.
ನಮ್ಮ ಪೈಸೆಯೇ ಹಡಗು ಹತ್ತಿ ಬಂದು
ಉಚ್ಚಾರ ಬದಲಿಸಿಕೊಂಡು ಉಳಿದಿದೆ, ನನ್ನ ಹಾಗೆ.
ಖಾತೆ ನಂಬರ್ ಕಳಿಸಿ, ಎಂದರು ಕಂಪನಿಯವರು.

ಸಂಬಳದ ಖಾತೆ ಕೊಡಲಾರೆ.
ಅದರ ತಳದಲ್ಲಿ ಕಂತಿನ ಬಾಯಿ ಇದೆ,
ಇಪ್ಪತ್ತೈದನೇ ತಾರೀಕು ತೆರೆಯುತ್ತದೆ,
ಬಿದ್ದದ್ದು ಯಾವುದರದ್ದೆಂದು ಕೇಳದೆ ನುಂಗುತ್ತದೆ.
ಈ ಹದಿನೆಂಟು ನುಂಗಿಸಲಾರೆ.
ಬೆವರಿದ್ದೇನೆ ಇದಕ್ಕೆ, ಕತ್ತಲಲ್ಲಿ.

ಹಾಗಾಗಿ ಶುಕ್ರವಾರ, ತಟ್ಟೆಯಲ್ಲಿ ಬಂಗುಡೆ ಮುಳ್ಳು ಒಣಗುತ್ತಿರಲು
ಹಳೆ ಕ್ಯಾಲೆಂಡರಿನ ಬೆನ್ನಿಗೆ ಬರೆಯತೊಡಗಿದೆ.
ಒಂದನೇ ಬ್ಯಾಂಕು: ನೂರು ರಿಯಾಲು ಸದಾ ಇರಬೇಕು,
ಇರದಿದ್ದರೆ ತಿಂಗಳಿಗೆ ಅರ್ಧ ರಿಯಾಲು ದಂಡ.
ಇಲ್ಲದವಳು ಇಲ್ಲದ್ದಕ್ಕೆ ತೆರುವ ಬಾಡಿಗೆ.
ಎರಡನೆಯದು ಬಡ್ಡಿ ಕೊಡುತ್ತದೆ, ಐದು ಸಾವಿರ ಇಟ್ಟವರಿಗೆ.
ಕಡಲೆ ಇದ್ದವರಿಗೆ ಹಲ್ಲಿಲ್ಲವಂತೆ.
ಹಲ್ಲು ಬೇಕಾದರೆ ಮಾಡಿಕೊಟ್ಟೇನು,
ಕಡಲೆ ಎಲ್ಲಿಂದ ತರಲಿ?
ಮೂರನೆಯದು ಬರೀ ಆ್ಯಪು.
ಮುಖ ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಕಣ್ಣು ಮಿಟುಕಿಸಿ.
ಮಿಟುಕಿಸಿದೆ. ನಂಬಲಿಲ್ಲ.
ಊರಿನ ಖಾತೆಗೇ ಹಾಕಿಸು, ಎಂದಳು ಶೆರ್ಲಿ.
ಊರಿನದು ಅಣ್ಣನ ಜೊತೆ ಜಂಟಿ, ಎಂದೆ.
ಅವಳು ಮತ್ತೆ ಕೇಳಲಿಲ್ಲ.

ನಾಲ್ಕನೆಯದಕ್ಕೆ ಫೋನು.
ಅರಬ್ಬಿಗೆ ಒಂದು, ಇಂಗ್ಲಿಷಿಗೆ ಎರಡು, ಹಿಂದಿಗೆ ಮೂರು.
ಮೂರು ಒತ್ತಿದೆ. ಹೆಣ್ಣು ದನಿ:
ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಅಮೂಲ್ಯ.
‘ಅಮೂಲ್ಯ’ಕ್ಕೆ ಮುಂಚೆ ಒಂದು ಸಣ್ಣ ಗುಟುಕು.
ಉಗುಳು ನುಂಗಿದ್ದಾಳೆ, ಯಾರೂ ಕತ್ತರಿಸಿಲ್ಲ.
ಹನ್ನೊಂದು ನಿಮಿಷ ಕಾದೆ. ಇಪ್ಪತ್ತೆರಡು ಸಲ ನುಂಗಿದಳು.
ಯಾವ ಊರಿನ ಯಾವ ಕಪಾಟಿನಲ್ಲಿ ಕೂತಿದ್ದಳೋ,
ಕುಕ್ಕರ್ ಇಳಿಸೆಂದು ಹೊರಗೆ ಯಾರಿಗೆ ಸನ್ನೆ ಮಾಡಿದ್ದಳೋ.
ನಿನ್ನ ದುಡ್ಡು ಯಾವ ಖಾತೆಗೆ ಬಂತು, ತಾಯಿ?
ಬಂತು ತಾನೆ?

ಆ ಬ್ಯಾಂಕಿಗೇ ಹೋದೆ.
ಅಲ್ಲಿ ಕನಿಷ್ಠ ಇಪ್ಪತ್ತು ರಿಯಾಲು.
ನನ್ನ ದನಿ ಒಂದೂಕಾಲು ರಿಯಾಲಿನಷ್ಟು ಗಿಡ್ಡ.
ಬಸ್ಸಿಗಿಟ್ಟ ಚಿಲ್ಲರೆ ಸೇರಿಸುತ್ತೇನೆ ಎಂದೆ.

ಹೈತಮ್ ಎಂಬ ಹುಡುಗ, ಕಸೂತಿ ಟೊಪ್ಪಿ,
ಅಂಗಿಯ ಕೊರಳ ಗೊಂಡೆಗೆ ಅತ್ತರು,
ಅರ್ಜಿ ನನ್ನ ಕಡೆ ತಿರುಗಿಸಿದ.
ಆದಾಯದ ಮೂಲ: ಖಾಲಿ ಚೌಕ.
ಗಂಟಲು ಎಂದು ಬರೆಯಲೇ?
ಏನು ಮಾರುತ್ತೀರಿ? ದನಿ.
ಯಾವ ಭಾಷೆ? ಹೇಳಿದೆ. ಅವನು ಕೇಳಿರಲಿಲ್ಲ.
ಒಂದು ಮಾತಾಡಿ ನೋಡೋಣ, ಎಂದು ನಕ್ಕ.
ಮುಂದಿನ ಹಲ್ಲೆರಡು ತುಸು ಸೊಟ್ಟ.
ಚೆನ್ನಾಗಿದ್ದವು. ಅಂಥವನ್ನು ಮುಟ್ಟಬಾರದು.

ಟೋಕನ್ ಯಂತ್ರದ ಸದ್ದಿನ ನಡುವೆ ಬೆನ್ನು ನೆಟ್ಟಗೆ ಮಾಡಿ
‘ತೂಗುವ ಭಾರದ ಕೆಳಗೆ ನಿಲ್ಲಬೇಡಿ’ ಎಂದೆ.
ಸಾಲಿನ ಕೊನೆಯಲ್ಲಿ ನೀಲಿ ಡಾಂಗರಿಯವನೊಬ್ಬ
ಥಟ್ಟನೆ ತಲೆಯೆತ್ತಿ
ಚಾವಣಿ ನೋಡಿದ.