ಮೂಟೆಯ ಮೇಲಿನ ಊರು

ಇಪ್ಪತ್ತೆರಡು ವರ್ಷ ಕೂಡ್ಲೂರಿನ ಕಾಫಿ ವರ್ಕ್ಸಿನಲ್ಲಿ
ತಗಡಿನ ಅಚ್ಚಿಟ್ಟು, ಕರಿಶಾಯಿ ಒತ್ತಿ
ಗೋಣಿಯ ಹೊಟ್ಟೆಗೆ ಊರ ಹೆಸರು ಬರೆದವನು ನಾನು.
ಟ್ರಿಯೆಸ್ತೆ, ಆಂಟ್ವೆರ್ಪ್, ಹ್ಯಾಂಬರ್ಗ್—
ನಾಲಗೆ ಹೊರಳದಿದ್ದರೂ
ಮೊಣಕೈಗೆ ಎಲ್ಲವೂ ಬಾಯಿಪಾಠ.

ಈಚೆಗೆ ಮೂರು ವರ್ಷದಿಂದ ಹೊಸದೊಂದು: ತ್ಯಾನ್‌ಜಿನ್.
ಇಂಗ್ಲಿಷಿನಲ್ಲಿ ಏಳಕ್ಷರ. ಎರಡು ಐ, ಎರಡು ಎನ್.
ಮೊದಲನೆಯ ಐ ಕೊಂಚ ಸೊಟ್ಟ.
ಅಚ್ಚು ಬಿದ್ದು ಬಗ್ಗಿದ್ದು. ಬೀಳಿಸಿದ್ದು ನಾನೇ.
ಯಾರಿಗೂ ಹೇಳಿರಲಿಲ್ಲ.

ಮ್ಯಾನೇಜರ್ ಪಳಂಗಪ್ಪನವರ ಮೊಣಕಾಲು ಕೈಕೊಟ್ಟಿತು.
ಧಣಿಗಳ ಮಗಳು ದೇಚಮ್ಮನ ಜೊತೆ
ಸ್ಯಾಂಪಲ್ ಡಬ್ಬ ಹೊರಲು ಒಬ್ಬ ಬೇಕು,
ಪಾಸ್‌ಪೋರ್ಟ್ ಯಾರಲ್ಲಿದೆ?
ಕುವೈತಿಗೆಂದು ಮಾಡಿಸಿ, ಹೋಗದೆ,
ಪೆಟ್ಟಿಗೆಯ ಬುಡದಲ್ಲಿ ನುಸಿಗುಳಿಗೆಯ ವಾಸನೆ ಹಿಡಿದ
ನನ್ನದಿತ್ತು.

ಹೋಗಿ ನೋಡಿದರೆ ಬಂದರಿನಲ್ಲಿ ಮೂಟೆಯೇ ಇಲ್ಲ!
ಕಣ್ಣು ಹಾಯುವಷ್ಟು ದೂರ ಕಬ್ಬಿಣದ ಡಬ್ಬಗಳು,
ಕೆಂಪು, ನೀಲಿ, ತುಕ್ಕು,
ನಮ್ಮ ಮಡಿಕೇರಿ ಗುಡ್ಡದ ಮನೆಗಳ ಹಾಗೆ
ಒಂದರ ತಲೆಯ ಮೇಲೆ ಇನ್ನೊಂದರ ಕಾಲು.
ಕ್ರೇನು ತಾನೇ ಬಗ್ಗಿತು, ತಾನೇ ಎತ್ತಿತು.
ಹಮಾಲರೆಲ್ಲಿ ಎಂದೆ.
ದೇಚಮ್ಮ ಗಾಜಿನ ಕೋಣೆಯೊಂದನ್ನು ತೋರಿಸಿದರು:
ಒಳಗೊಬ್ಬಳು ಹುಡುಗಿ, ಒಂದು ಕೈಯಲ್ಲಿ ಸಣ್ಣ ಹಿಡಿಕೆ,
ಇನ್ನೊಂದರಲ್ಲಿ ಸೂರ್ಯಕಾಂತಿ ಬೀಜ,
ಸಿಪ್ಪೆ ಉಗುಳುತ್ತ ಹಡಗು ತುಂಬುತ್ತಿದ್ದಳು.

ಬೀದಿಯಲ್ಲಿ ಸ್ಕೂಟರುಗಳು ಸದ್ದಿಲ್ಲದೆ
ಬೆನ್ನ ಹಿಂದೆಯೇ ಬಂದು ನಿಲ್ಲುತ್ತವೆ,
ತೋಟದಲ್ಲಿ ಆನೆ ಬಂದ ಹಾಗೆ.
ನನ್ನ ನೋಟು ಯಾರಿಗೂ ಬೇಡ.
ಮರಳಲ್ಲಿ ಏನೋ ಕಾಯಿ ಹುರಿಯುವ ಮುದುಕಿಯೂ
ಫೋನಿಗೆ ತೋರಿಸುವ ಚೌಕಗುರುತನ್ನು ತಾಳಿಯಂತೆ ಕೊರಳಿಗೆ ಕಟ್ಟಿದ್ದಳು.
ದೇಚಮ್ಮನೇ ಕೊಡಿಸಿದರು, ಎರಡು ಪೊಟ್ಟಣ.

ಅಷ್ಟು ದೊಡ್ಡ ಊರು, ಅಷ್ಟು ಬೋರ್ಡು,
ಒಂದಕ್ಷರ ನನ್ನದಲ್ಲ.
ಮೂರನೆಯ ದಿನ ಒಂದು ಓಣಿಯ ತಿರುವಿನಲ್ಲಿ
ಹಸಿರು ಹಲಗೆ, ಅದರ ಮೂಲೆಯಲ್ಲಿ
ಮದರಸದಲ್ಲಿ ಉಸ್ತಾದರು ಬೆತ್ತ ಹಿಡಿದು ಕಲಿಸಿದ್ದು:
ಹಲಾಲ್.
ಜೋರಾಗಿ ಓದಿಬಿಟ್ಟೆ. ಬಿಳಿ ಟೊಪ್ಪಿಯ ಬಾಣಸಿಗ ಹೊರಗೆ ಬಂದ.
ಸಲಾಂ ಎಂಬುದಾದ ಮೇಲೆ ಇಬ್ಬರಿಗೂ ಮಾತು ಮುಗಿಯಿತು.
ಆಮೇಲೆ ಬರೀ ಊಟ.

ಕೊನೆಯ ದಿನ, ನಮ್ಮ ಕಾಫಿ ಹುರಿಯುವ ಅಂಗಡಿ.
ಸ್ಟೂಲಿಗೆ ಗೋಣಿಯ ಹೊದಿಕೆ, ಅದರ ಮೇಲೊಬ್ಬ ಹುಡುಗ.
ಅವನ ತೊಡೆಯಡಿಯಿಂದ ಇಣುಕುತ್ತಿತ್ತು
ಆ ಸೊಟ್ಟ ಐ.

"ಇದನ್ನು ಬರೆದದ್ದು ನಾನು" ಅಂದೆ.
ಹುಡುಗ ಫೋನು ಚಾಚಿದ. ಅದು ಕೇಳಿಸಿಕೊಂಡು
ಅವನ ಭಾಷೆಯಲ್ಲಿ ಏನೋ ಅಂದಿತು.
ಅವನು ತಲೆಕೆರೆದು ಮರಳಿ ಕೇಳಿದ.
ಫೋನು ಹೆಣ್ಣುದನಿಯ ಕನ್ನಡದಲ್ಲಿ ಉಲಿಯಿತು:
"ಇದು ನಿಮ್ಮನ್ನು ಬರೆದಿದೆಯೇ?"

ಹೌದು ಅಂದೆ. ಇನ್ನೇನು ಅನ್ನಲಿ.
ಹುಡುಗ ಎದ್ದು ನಿಂತ. ನನ್ನನ್ನು ಕೂರಿಸಿದ.

ಕುಶಾಲನಗರ. ಬಸ್‌ಸ್ಟ್ಯಾಂಡಿನ ಹಿಂದೆ ಯಾಂಗ್‌ಚೆನ್ ಅಂಗಡಿ,
ಸೊಪ್ಪಿನ ತುಕ್ಪಾ.
ಹೊಳೆಯಾಚೆ ಬೈಲಕುಪ್ಪೆಯಲ್ಲಿ ಹುಟ್ಟಿದವಳು,
ಕನ್ನಡ ನನಗಿಂತ ನೆಟ್ಟಗೆ.
ಬೇರೆ ಎಲ್ಲರೂ ಹಾವು ತಿಂದೆಯಾ ಎಂದು ಕೇಳಿದರು.
ಇವಳು ಕೇಳಿದ್ದು ಒಂದೇ:
"ಆ ಊರಿಂದ ಪಡುವಣಕ್ಕೆ ರೈಲಿದೆಯಾ, ಮೊಯ್ದುಕ್ಕ?"
ಇದೆಯಂತೆ, ನಾನಿದ್ದದ್ದು ಕಡಲ ಕಡೆ, ಎಂದೆ.
ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

ಪೊಟ್ಟಣ ಮುಂದಿಟ್ಟೆ. ತಿರುಗಿಸಿ ನೋಡಿದಳು,
ಅವಳಿಗೂ ಓದಲು ಬರದು.
ಕೊನೆಗೆ ಒಂದು ಕಾಯಿ ಒಡೆದು, ಅರ್ಧ ಬಾಯಿಗೆ,
"ಗೆಣಸು" ಎಂದಳು.
ಉಳಿದರ್ಧ ಸೆರಗಿನಂಥ ಆ ಪಟ್ಟೆಬಟ್ಟೆಯ ಅಂಚಿಗೆ ಗಂಟುಹಾಕಿದಳು,
ಯಾರಿಗೋ.
ನಾನು ಕೇಳಲಿಲ್ಲ.

ಸೋಮವಾರ ಹೊಸ ಅಚ್ಚು ಬಂದಿದೆ. ಲೇಸರಿನಲ್ಲಿ ಕೊರೆದದ್ದು,
ಐ ದಂಟಿನ ಹಾಗೆ ನೆಟ್ಟಗೆ.
ಹಳೆಯದನ್ನು ಗುಜರಿಗೆ ಹಾಕು ಅಂದರು ಪಳಂಗಪ್ಪ, ಕೋಲೂರಿ.
ಹಾಕುತ್ತೇನೆ.
ಆದರೂ ಮುನ್ನೂರಕ್ಕೊಂದು ಮೂಟೆಗೆ,
ಊಟದ ಗಂಟೆ ಹೊಡೆದು ಎಲ್ಲರೂ ಎದ್ದ ಮೇಲೆ—

ಮನೆಯಲ್ಲಿ ನಬೀಸ ಬೈಯುತ್ತಾಳೆ:
ಶಾಯಿ ಕೈಯಲ್ಲಿ ಅನ್ನಕ್ಕೆ ಕೂರಬೇಡಿ.